ಮೊದಲು ಕಣ್ಣಿಗೆ ಬಟ್ಟೆ ಕಟ್ಟಿ

ಊರಿಗೆ ನುಗ್ಗಿದ ಜಿಂಕೆಯ ಸುದ್ದಿ ಪತ್ರಿಕೆಯಲ್ಲಿ ಕಂಡರೆ ನಾನು ಅದರ ಕೊನೆಯ ಸಾಲನ್ನು ಮೊದಲು ಓದುತ್ತೇನೆ. ಅಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ವಾಕ್ಯ ಇರುತ್ತದೆ. 'ಅರಿವಳಿಕೆ ಚುಚ್ಚುಮದ್ದು ನೀಡಿ ಸುರಕ್ಷಿತವಾಗಿ ಕಾಡಿಗೆ ಬಿಡಲಾಯಿತು' ಅನ್ನುವುದೊಂದು. 'ಗಾಬರಿಗೊಂಡು ಹೃದಯಾಘಾತದಿಂದ ಮೃತಪಟ್ಟಿತು' ಅನ್ನುವುದು ಇನ್ನೊಂದು. ಮೂವತ್ತೊಂದು ವರ್ಷ ಸರ್ಕಾರಿ ಪಶುವೈದ್ಯನಾಗಿ ದುಡಿದು ನಿವೃತ್ತನಾದ ನಾನು ಈ ಎರಡು ವಾಕ್ಯಗಳನ್ನೂ ನಂಬುವುದಿಲ್ಲ. ಮೊದಲನೆಯದು ಅರ್ಧ ಸುದ್ದಿ. ಎರಡನೆಯದರಲ್ಲಿ ಕೊಂದವರ ಹೆಸರಿಲ್ಲ.

ನಾನು ವನ್ಯಜೀವಿ ತಜ್ಞನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರು. ಕೃತಕ ಗರ್ಭಧಾರಣೆ, ಕಾಲುಬಾಯಿ ಜ್ವರದ ಲಸಿಕೆ, ಕರು ಅಡ್ಡ ಸಿಕ್ಕಿಕೊಂಡ ಎಮ್ಮೆ, ಕುರಿಗಳ ನೀಲಿನಾಲಿಗೆ ರೋಗ, ಇವೇ ನನ್ನ ಲೋಕ. ಆದರೆ ಮಲೆನಾಡಿನ ಸೆರಗಿನ ತಾಲ್ಲೂಕುಗಳಲ್ಲಿ ಚುಕ್ಕೆ ಜಿಂಕೆ ಬಾವಿಗೆ ಬಿದ್ದರೂ, ಕಡವೆಗೆ ಲಾರಿ ಗುದ್ದಿದರೂ, ಕಾಟಿ ಕಾಫಿ ತೋಟದ ಗುಂಡಿಯಲ್ಲಿ ಸಿಕ್ಕಿಕೊಂಡರೂ ಫೋನ್ ಬರುವುದು ನಮ್ಮಂಥವರಿಗೇ. ಹಸುವಿನ ಡಾಕ್ಟರಿಗೆ ಜಿಂಕೆಯೂ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ನಾವೂ ಹಾಗೇ ನಂಬಿದ್ದೆವು.

ನಾನು ಒಂದು ಜಿಂಕೆಯನ್ನು ಕೊಂದ ಕಥೆ ಇದು.

ಗಂಡು ಜಿಂಕೆಯೊಂದನ್ನು ನಾಯಿಗಳು ಅಟ್ಟಿಸಿಕೊಂಡು ಬಂದು ಸಂತೆಮಾಳದ ಪಕ್ಕದ ಗೋದಾಮಿಗೆ ನುಗ್ಗಿಸಿದ್ದವು. ನಾನು ತಲುಪಿದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಮಾರ್ಚ್ ತಿಂಗಳ ಬಿಸಿಲು, ಮೇಲೆ ತಗಡಿನ ಮಾಡು. ಬಾಗಿಲಲ್ಲಿ ಇನ್ನೂರು ಮುನ್ನೂರು ಜನ, ಕಿಟಕಿಗಳಲ್ಲಿ ಹುಡುಗರು. ಜಿಂಕೆ ಮೂಟೆಗಳ ಸಂದಿಯಲ್ಲಿ ನಿಂತು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಹಾಗೆ ಬಾಯಿ ತೆರೆದು ಉಸಿರಾಡುವ ಜಿಂಕೆ ಆಗಲೇ ಅಪಾಯದ ಗೆರೆ ದಾಟಿದೆ ಎಂದು ಇವತ್ತು ನನಗೆ ಗೊತ್ತು. ಅವತ್ತು ಕಣ್ಣಿಗೆ ಬಿದ್ದದ್ದು ಗುರಿಯಿಡಲು ಹೇಳಿ ಮಾಡಿಸಿದಂತಿದ್ದ ಅದರ ತೊಡೆ ಮಾತ್ರ.

"ಸಾರ್, ಬೇಗ ಇಂಜೆಕ್ಷನ್ ಹೊಡೀರಿ, ಜನಾನ ತಡೆಯೋಕಾಗ್ತಿಲ್ಲ" ಎಂದರು ಜೊತೆಗಿದ್ದವರು. ಜೈಲಾಜಿನ್ ಮತ್ತು ಕೆಟಮಿನ್ ಬೆರೆಸಿ ಡಾರ್ಟಿಗೆ ತುಂಬಿ ಹೊಡೆದೆ. ಸರಿಯಾಗಿ ಬಿತ್ತು. ಜನ ಕೇಕೆ ಹಾಕಿದರು. ಆ ಕೇಕೆಗೆ ಜಿಂಕೆ ಮೂಟೆ ಹಾರಿ ಗೋಡೆಗೆ ಬಡಿಯಿತು, ಮತ್ತೆ ಹಾರಿತು. ಹತ್ತು ನಿಮಿಷ ಕಳೆದರೂ ಕುಸಿಯಲಿಲ್ಲ. ಎರಡನೇ ಡಾರ್ಟು ಹೊಡೆದೆ. ಕೊನೆಗೆ ಕುಸಿಯಿತು. ನಾಲ್ವರು ನಾಲ್ಕು ಕಾಲು ಹಿಡಿದು ಹೊರಗೆ ತಂದು ಮಗ್ಗುಲಾಗಿ ಮಲಗಿಸಿದರು. ಥರ್ಮಾಮೀಟರು 107 ಡಿಗ್ರಿ ತೋರಿಸಿತು. ಬಕೆಟ್ಟುಗಟ್ಟಲೆ ನೀರು ಸುರಿಸಿದೆವು. ಮತ್ತು ಇಳಿಸುವ ಪ್ರತಿಮದ್ದು ಸ್ಟಾಕಿನಲ್ಲಿ ಇರಲಿಲ್ಲ. ಎರಡು ಗಂಟೆಯ ಮೇಲೆ ತೂರಾಡುತ್ತಾ ಎದ್ದಿತು, ಎಲ್ಲರೂ ಫೋಟೊ ತೆಗೆಸಿಕೊಂಡರು, ಜೀಪಿನಲ್ಲಿ ಕಾಡಿಗೆ ಬಿಟ್ಟು ಬಂದೆವು. ಮರುದಿನದ ಪತ್ರಿಕೆಯಲ್ಲಿ ನನ್ನ ಹೆಸರಿತ್ತು. ಮನೆಯವಳು ಅದನ್ನು ಕತ್ತರಿಸಿ ಆಲ್ಬಮ್ಮಿನಲ್ಲಿ ಅಂಟಿಸಿದಳು.

ಮೂರನೇ ದಿನ ಕಾಡಿನ ವಾಚರ್ ಫೋನ್ ಮಾಡಿದ. ಬಿಟ್ಟ ಜಾಗದಿಂದ ಕೂಗಳತೆಯಲ್ಲಿ ಸತ್ತು ಬಿದ್ದಿತ್ತು. ಕೊಯ್ದು ನೋಡಿದೆ. ತೊಡೆಯ ಮಾಂಸ ಬೇಯಿಸಿದ ಮೀನಿನ ಹಾಗೆ ಬಿಳಿಚಿಕೊಂಡಿತ್ತು. ಮೂತ್ರಕೋಶದಲ್ಲಿ ಕಾಫಿ ಡಿಕಾಕ್ಷನ್ನಿನ ಬಣ್ಣದ ಮೂತ್ರ. ಮರಣೋತ್ತರ ವರದಿಯ ಕಾರಣದ ಕಾಲಂನಲ್ಲಿ 'ಆಘಾತ' ಎಂದು ಬರೆದು ಸಹಿ ಹಾಕಿದೆ. ಹಾಗೆ ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಆ ಪದ ಬರೆಯುವವನಿಗೂ ಓದುವವನಿಗೂ ಅನುಕೂಲದ್ದು.

ಆ ಬಿಳಿಚಿದ ಮಾಂಸಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ, ಕ್ಯಾಪ್ಚರ್ ಮಯೋಪತಿ. ಹಿಡಿಯುವಾಗ ಹತ್ತುವ ಸ್ನಾಯುಬೇನೆ. ಗೊರಸಿನ ಕಾಡುಪ್ರಾಣಿ ಜೀವಭಯದಿಂದ ಓಡುವಾಗ, ಒದ್ದಾಡುವಾಗ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಮೈ ಕಾದು ಹೋಗುತ್ತದೆ. ಸ್ನಾಯುವಿನ ಎಳೆಗಳು ಒಡೆದು ಅವುಗಳೊಳಗಿನ ಕೆಂಪು ವಸ್ತು ರಕ್ತಕ್ಕೆ ಸೋರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂತ್ರ ಕಪ್ಪಾಗುವುದು ಅದರಿಂದಲೇ. ಸೋರಿದ ಪೊಟ್ಯಾಸಿಯಂ ಹೆಚ್ಚಾದರೆ ಹೃದಯ ಲಯ ತಪ್ಪಿ ಅಲ್ಲೇ ನಿಲ್ಲಬಹುದು. ಪತ್ರಿಕೆಯವರ 'ಹೃದಯಾಘಾತ'ದಲ್ಲಿ ಇರುವ ನಿಜ ಇಷ್ಟೇ. ಅಲ್ಲೇ ಸಾಯದಿದ್ದರೆ ಮಾರನೇ ದಿನ, ಮೂರನೇ ದಿನ, ಕೆಲವೊಮ್ಮೆ ವಾರಗಳ ಮೇಲೆ ಸಾಯುತ್ತದೆ. ಒಮ್ಮೆ ಹತ್ತಿದರೆ ನಂಬಿಕೊಳ್ಳುವಂಥ ಚಿಕಿತ್ಸೆಯಿಲ್ಲ. ಹತ್ತದ ಹಾಗೆ ನೋಡಿಕೊಳ್ಳುವುದೇ ವೈದ್ಯ.

ಇಷ್ಟು ತಿಳಿದ ಮೇಲೆ 'ಅರಿವಳಿಕೆ ಕೊಡಿ' ಎಂಬ ಕೂಗನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಮದ್ದು ಕೊಟ್ಟರೆ ಪ್ರಾಣಿಗೆ ನೋವಿಲ್ಲ, ನಿದ್ದೆ ಬರುತ್ತದೆ, ನಾವು ಸಲೀಸಾಗಿ ಎತ್ತಬಹುದು ಎಂದು ಜನ ತಿಳಿದಿದ್ದಾರೆ. ಟೀವಿ ಕಲಿಸಿದ ಪಾಠ ಅದು. ಜೈಲಾಜಿನ್ ನಿದ್ದೆಯ ಗುಳಿಗೆಯಲ್ಲ. 1962ರಲ್ಲಿ ಜರ್ಮನಿಯಲ್ಲಿ ಅದನ್ನು ತಯಾರಿಸಿದ್ದು ಮನುಷ್ಯರ ರಕ್ತದೊತ್ತಡ ಇಳಿಸಲೆಂದು. ಅದು ಕೆಲಸ ಮಾಡುವುದೇ ಮೈಯ ಉದ್ರೇಕವನ್ನು ತಗ್ಗಿಸುವ ಮೂಲಕ. ಶಾಂತವಾಗಿ ಮೇಯುತ್ತಿರುವ ಪ್ರಾಣಿ ಐದು ಹತ್ತು ನಿಮಿಷದಲ್ಲಿ ತಲೆ ತಗ್ಗಿಸಿ ಕೂರುತ್ತದೆ. ಆಗಲೇ ಅಡ್ರಿನಲಿನ್ ಉಕ್ಕಿ ಹರಿಯುತ್ತಿರುವ ಪ್ರಾಣಿಯ ಮೇಲೆ ಅದೇ ಮದ್ದು ಸೋಲುತ್ತದೆ. ಆಗ ಡಾಕ್ಟರು ಎರಡನೆಯದು ಹೊಡೆಯುತ್ತಾನೆ, ನಾನು ಹೊಡೆದ ಹಾಗೆ. ಅಷ್ಟೂ ಮದ್ದು ಒಟ್ಟಿಗೆ ಹಿಡಿಯುವ ಹೊತ್ತಿಗೆ ಉಸಿರು ಕುಂದುತ್ತದೆ, ಮೈಯ ಬಿಸಿ ನಿಯಂತ್ರಿಸುವ ಶಕ್ತಿಯೂ ಹೋಗುತ್ತದೆ. ಕುಸಿದ ಮೇಲೂ ಕಿವಿ ಕೇಳಿಸುತ್ತಿರುತ್ತದೆ. ಜೈಲಾಜಿನ್ ಒಂದನ್ನೇ ಕೊಟ್ಟಿದ್ದರಂತೂ ಒಂದು ಕಿರುಚಾಟಕ್ಕೆ ದಡಕ್ಕನೆ ಎದ್ದು ಒದೆಯಬಹುದು. ಕೆಟಮಿನ್ನಿಗೆ ಪ್ರತಿಮದ್ದೇ ಇಲ್ಲ. ಜೈಲಾಜಿನ್ನಿಗೆ ಯೋಹಿಂಬಿನ್, ಅಟಿಪಮೆಜೋಲ್ ಎಂದು ಇವೆ, ತರಿಸಿಟ್ಟಿದ್ದರೆ.

ಲೆಕ್ಕದ ಮಾತೂ ಇದೆ. ಕುದುರೆಗೆ ಬೇಕಾದ ಜೈಲಾಜಿನ್ನಿನ ಹತ್ತನೇ ಒಂದು ಪಾಲು ಹಸುವಿಗೆ ಸಾಕು. ಕಾಡಿನ ಜಿಂಕೆಗೆ ಆ ಹಸುವಿನ ಲೆಕ್ಕ ಸಾಲದು. ಹಸುವಿನ ಡಾಕ್ಟರು ದೂರದಿಂದ ಕಣ್ಣಳತೆಯಲ್ಲಿ ತೂಕ ಊಹಿಸಿ ಹಸುವಿನ ಲೆಕ್ಕದಲ್ಲಿ ಹೊಡೆದರೆ ಏನಾಗುತ್ತದೆಂದು ನೀವೇ ಊಹಿಸಿ. ಡಾರ್ಟು ಬೀಳಬೇಕಾದದ್ದು ತೊಡೆಯ ದಪ್ಪ ಸ್ನಾಯುವಿಗೆ. ಜಿಂಕೆಯ ಮೈಯಲ್ಲಿ ಆ ಜಾಗ ಎಷ್ಟಗಲ ಇದೆ? ಸ್ವಲ್ಪ ತಪ್ಪಿದರೆ ಮೂಳೆ ಮುರಿಯುತ್ತದೆ, ಇಲ್ಲವೇ ಹೊಟ್ಟೆಗೆ ತೂರುತ್ತದೆ.

ಹಾಗಾದರೆ ಹಿಡಿಯುವುದು ಹೇಗೆ? ನನಗೆ ಇದನ್ನು ಕಲಿಸಿದ್ದು ಕಾಲೇಜಲ್ಲ, ದನದ ಜಾತ್ರೆಗಳಲ್ಲಿ ಎತ್ತಿಗೆ ಲಾಳ ಕಟ್ಟುತ್ತಿದ್ದ ಒಬ್ಬ ಸಾಹೇಬರು. ಹಳ್ಳಿಕಾರ್ ಎತ್ತು ಎಂದರೆ ಗಾಳಿಗೆ ಬೆಚ್ಚುವ ಜಾತಿ. ಅಂಥದನ್ನು ಒಂದು ಹಗ್ಗ ಮೈಗೆ ಸುತ್ತಿ, ಹಿಂದಿನಿಂದ ಮೆಲ್ಲಗೆ ಎಳೆದು ಕೆಡವುತ್ತಿದ್ದರು. ಕೆಡವಿದ ತಕ್ಷಣ ಹೆಗಲ ಮೇಲಿನ ಟವಲು ತೆಗೆದು ಕಣ್ಣಿನ ಮೇಲೆ ಹಾಕುತ್ತಿದ್ದರು. ಅಷ್ಟು ಹೊತ್ತೂ ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಸಹಾಯಕನ ಮೇಲೆ ರೇಗಿದ ರೈತನಿಗೆ, "ಅಣ್ಣಾ, ನೀನು ಕೂಗಿದ್ರೆ ಅದಕ್ಕೆ ಮೊಳೆ ಹೊಡೆದಷ್ಟೇ ನೋವು" ಎಂದಿದ್ದರು. ನಾನು ಆಗ ಪಕ್ಕದಲ್ಲೇ ಲಸಿಕೆ ಹಾಕುತ್ತಾ ನಿಂತಿದ್ದೆ. ಕೇಳಿಸಿಕೊಂಡೆ, ನಕ್ಕೆ, ಮರೆತೆ. ಆ ಗಂಡು ಜಿಂಕೆ ಸತ್ತ ಮೇಲೆ ನೆನಪಾಯಿತು.

ಕಣ್ಣಿಗೆ ಬಟ್ಟೆ, ಕಿವಿಗೆ ಹತ್ತಿ, ಸುತ್ತ ಮೌನ. ಇವು ಮೂರಕ್ಕೆ ಖರ್ಚಿಲ್ಲ, ಲೈಸೆನ್ಸು ಬೇಡ. ಕಣ್ಣು ಮುಚ್ಚಿದ ಜಿಂಕೆಯ ಎದೆಬಡಿತ ಇಳಿಯುವುದು ಕೈಗೇ ಗೊತ್ತಾಗುತ್ತದೆ. ಆಮೇಲೆ ಕೂರಿಸುವ ರೀತಿ. ಮೆಲುಕು ಹಾಕುವ ಪ್ರಾಣಿಯನ್ನು ಮಗ್ಗುಲಾಗಿ ಚೆಲ್ಲಬಾರದು. ಹೊಟ್ಟೆಯ ಗಾಳಿ ಹೊರಬರದೆ ಉಬ್ಬರಿಸಿ ಉಸಿರಿನ ಚೀಲವನ್ನು ಒತ್ತುತ್ತದೆ, ಹೊಟ್ಟೆಯ ಮೇವು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಎದೆಯ ಮೇಲೆ ಕೂರಿಸಿ, ಕಾಲು ಮಡಚಿ, ಕುತ್ತಿಗೆ ಎತ್ತಿ, ಮೂತಿ ಮಾತ್ರ ಕೆಳಗೆ ಬಾಗಿರುವಂತೆ ಒಬ್ಬರು ಹಿಡಿದಿರಬೇಕು. ಕಾಲು ಹಿಡಿದು ತೂಗಾಡಿಸಿ ಒಯ್ಯುವುದು ಯಮನ ಕೆಲಸ. ಗೋಣಿಯೋ ಕಂಬಳಿಯೋ ಹಾಸಿ ಜೋಳಿಗೆಯ ಹಾಗೆ ಎತ್ತಬೇಕು. ಐದೈದು ನಿಮಿಷಕ್ಕೆ ಮೈ ಬಿಸಿ ನೋಡಬೇಕು. ನಡುಹಗಲಿನಲ್ಲಿ ಕೈಹಾಕಲೇಬಾರದು.

ಬಾವಿಯ ವಿಷಯದಲ್ಲಿ ಇನ್ನೂ ಖಡಾಖಂಡಿತವಾಗಿ ಹೇಳಬೇಕು. ನೀರಿನಲ್ಲಿ ಈಜುತ್ತಿರುವ ಜಿಂಕೆಗೆ ಡಾರ್ಟು ಹೊಡೆಯಿರಿ ಎಂದು ನನ್ನನ್ನು ಕೇಳಿದವರಿದ್ದಾರೆ. ಹೊಡೆದರೆ ಮುಳುಗುತ್ತದೆ, ಅಷ್ಟೇ. ಅಲ್ಲಿ ಬೇಕಾದದ್ದು ತೇಲಲು ಒಂದು ಹಲಗೆ ಅಥವಾ ಬಾಳೆದಿಂಡಿನ ತೆಪ್ಪ, ಒಂದು ಬಲೆ, ಹಗ್ಗ ಕಟ್ಟಿಕೊಂಡು ಇಳಿಯುವ ಒಬ್ಬ, ಮೇಲೆ ಬಾಯಿ ಮುಚ್ಚಿಕೊಂಡಿರುವ ನಾಲ್ವರು.

"ಡಾಕ್ಟ್ರೇ, ನೀವು ಹೇಳೋದೆಲ್ಲ ಸರಿ, ಸುಮ್ಮನೆ ಬಿಟ್ಟರೆ ನಾಯಿ ಹರಿದು ಹಾಕಲ್ವಾ?" ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆ. ನಾಯಿ ಕಟ್ಟಿಹಾಕಿ ಎನ್ನುತ್ತೇನೆ. ಊರಿನೊಳಗೆ ಬಂದ ಗಾಯವಿಲ್ಲದ ಜಿಂಕೆಯನ್ನು ಹಿಡಿಯುವ ಅಗತ್ಯವೇ ಬಹಳ ಸಲ ಇರುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಶಾಲೆಯ ಕಾಂಪೌಂಡಿಗೆ ಹೆಣ್ಣು ಜಿಂಕೆ ಹಾರಿ ಬಂದಾಗ ಮೇಷ್ಟ್ರು ನನಗೆ ಫೋನ್ ಮಾಡಿದ್ದರು. ಮಕ್ಕಳನ್ನು ಹಿಂಬಾಗಿಲಿಂದ ಮನೆಗೆ ಕಳಿಸಿ, ನಾಯಿಗಳನ್ನು ದೂರವಿಡಿ, ಕತ್ತಲಾದ ಮೇಲೆ ತೋಟದ ಕಡೆಯ ಗೇಟು ತೆರೆದಿಟ್ಟು ಲೈಟು ಆರಿಸಿ ಎಂದೆ. ಯಾವ ಹೊತ್ತಿಗೆ ಹೋಯಿತೋ ಯಾರೂ ನೋಡಲಿಲ್ಲವಂತೆ. ಸುದ್ದಿಯಾಗಲಿಲ್ಲ ಎಂದು ಮೇಷ್ಟ್ರಿಗೆ ಸ್ವಲ್ಪ ಬೇಸರವಾಗಿತ್ತು.

ಜನಜಂಗುಳಿಗೆ ಒಂದು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬುದರ ವ್ಯಾಖ್ಯೆ ಕೊಲ್ಲುವುದಕ್ಕೆ ಮಾತ್ರ ನಿಂತಿಲ್ಲ. ಹಿಡಿಯುವುದು, ಬಲೆಗೆ ಕೆಡವುವುದು, ಅಟ್ಟುವುದು ಎಲ್ಲವೂ ಅದರೊಳಗೆ ಬರುತ್ತವೆ. ಮೊಬೈಲು ಹಿಡಿದು ಜಿಂಕೆಯ ಹಿಂದೆ ಓಡುವ ಹುಡುಗ ತಾನು ರಕ್ಷಣೆಗೆ ಬಂದೆನೆಂದುಕೊಂಡಿರುತ್ತಾನೆ. ಕಾಯ್ದೆಯ ಪುಸ್ತಕದಲ್ಲಿ ಅವನು ನಿಂತಿರುವ ಜಾಗ ಬೇರೆ.

ಮದ್ದೇ ಬೇಡ ಎಂಬುದು ನನ್ನ ವಾದವಲ್ಲ. ಟನ್ನು ತೂಗಬಲ್ಲ ಕಾಟಿಯನ್ನು ಟವಲು ಹಾಕಿ ಹಿಡಿಯಲಾಗದು. 2011 ಮತ್ತು 2012ರಲ್ಲಿ ಕಾನ್ಹಾದಿಂದ ಬಾಂಧವಗಡಕ್ಕೆ 50 ಕಾಟಿಗಳನ್ನು ಸಾಗಿಸಿದಾಗ ಡಾರ್ಟು ಹೊಡೆದೇ ಹಿಡಿದರು. ಆದರೆ ಅದು ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡ, ಅನುಭವಸ್ಥರ ತಂಡವಿದ್ದ ಕೆಲಸ. ಸಂತೆಮಾಳದಲ್ಲಿ ಒಬ್ಬಂಟಿ ಡಾಕ್ಟರು ಮಾಡುವಂಥದ್ದಲ್ಲ. ಕಾಟಿಯಂಥ ದೊಡ್ಡ ಪ್ರಾಣಿಗೆ ಹೇಳಿ ಮಾಡಿಸಿದ ಎಟಾರ್ಫಿನ್ ನಮ್ಮಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಸಿಕ್ಕರೂ ಅದು ಹನಿಯಷ್ಟು ಮನುಷ್ಯನ ರಕ್ತಕ್ಕೆ ಸೇರಿದರೆ ಉಸಿರು ನಿಲ್ಲಿಸಬಲ್ಲದು.

ಹಿಂಡಿನಲ್ಲಿ ಬದುಕುವ ಸಣ್ಣ ಪ್ರಾಣಿಗಳಿಗೆ ಬೇರೆ ದಾರಿಯಿದೆ. 1960ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ 'ಬೋಮಾ' ಎಂಬ ವಿಧಾನ ಅದು. ಬಟ್ಟೆ ಅಥವಾ ಪ್ಲಾಸ್ಟಿಕ್ಕಿನ ಎತ್ತರದ ಪರದೆಗಳನ್ನು ಆಲಿಕೆಯ ಆಕಾರದಲ್ಲಿ ಕಟ್ಟುತ್ತಾರೆ. ಅಗಲ ಬಾಯಿಯಿಂದ ಒಳಬಂದ ಹಿಂಡು ಕಿರಿದಾಗುತ್ತಾ ಹೋಗಿ ಕೊನೆಗೆ ಲಾರಿ ಹತ್ತುತ್ತದೆ. ಆಚೆಗೆ ಏನೂ ಕಾಣದ್ದರಿಂದ ಪ್ರಾಣಿಗೆ ಆ ಪರದೆಯೇ ಗೋಡೆ. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಶಾಜಾಪುರದಲ್ಲಿ ಬೆಳೆ ಮೇಯುತ್ತಿದ್ದ 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನು, ಜೊತೆಗೆ ನೀಲಗಾಯ್‌ಗಳನ್ನು ಹೀಗೆಯೇ ಹೆಲಿಕಾಪ್ಟರಿನಿಂದ ಬೋಮಾದೊಳಕ್ಕೆ ನಡೆಸಿ ಸ್ಥಳಾಂತರಿಸಿದರು. ಅರಿವಳಿಕೆ ಬಳಸಲಿಲ್ಲ. ಹೆಲಿಕಾಪ್ಟರಿನ ಸದ್ದು ಗದ್ದಲವಲ್ಲವೇ ಎಂದು ನೀವು ಕೇಳಬಹುದು. ಗದ್ದಲವೇ, ನನಗೂ ಅದರ ಬಗ್ಗೆ ಪೂರ್ತಿ ಸಮಾಧಾನವಿಲ್ಲ. ಆದರೆ ಓಟವನ್ನು ಅಳೆದು ನಿಲ್ಲಿಸಬಲ್ಲವರು ಮಾಡುವ ಸದ್ದಿಗೂ ಮುನ್ನೂರು ಜನರ ಕೇಕೆಗೂ ವ್ಯತ್ಯಾಸವಿದೆ. ರಾಣೆಬೆನ್ನೂರು, ಮೈದನಹಳ್ಳಿಯ ಸುತ್ತ ಕೃಷ್ಣಮೃಗಗಳ ಜೊತೆ ಹೊಲ ಹಂಚಿಕೊಂಡಿರುವ ನಮ್ಮ ರೈತರಿಗೂ ಈ ವಿಷಯ ತಿಳಿದಿರಲಿ.

ನಮ್ಮಲ್ಲಿ ಕೋವಿ ಕೊಳ್ಳಲು ದುಡ್ಡು ಸಿಗುತ್ತದೆ, ಅದರ ಜೊತೆ ಫೋಟೊ ತೆಗೆಸಿಕೊಳ್ಳಬಹುದು. ಪ್ರತಿಮದ್ದಿನ ಸೀಸೆಯ ಜೊತೆ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಕಣ್ಣಿಗೆ ಕಟ್ಟುವ ಕಪ್ಪು ಬಟ್ಟೆಗೆ ಟೆಂಡರ್ ಕರೆಯುವಂತಿಲ್ಲ. ನಾನು ಕೇಳುವುದು ಸಣ್ಣ ಸಂಗತಿ. ಹಿಡಿದು ಬಿಟ್ಟ ಪ್ರತಿ ಪ್ರಾಣಿಯ ದಾಖಲೆಯಲ್ಲಿ ಇನ್ನೆರಡು ಕಾಲಂ ಇರಲಿ. ಹಿಡಿದಾಗ ಮೈ ಬಿಸಿ ಎಷ್ಟಿತ್ತು ಎಂಬುದೊಂದು, ಮೂವತ್ತು ದಿನದ ಮೇಲೆ ಅದು ಬದುಕಿತ್ತೇ ಎಂಬುದು ಇನ್ನೊಂದು. ಹುಡುಕಿದರೂ ಸಿಗಲಿಲ್ಲ ಎಂದಾದರೆ ಹಾಗೇ ಬರೆಯಲಿ. 'ಸುರಕ್ಷಿತವಾಗಿ' ಎಂಬ ಪದವನ್ನು ಅಲ್ಲಿಯವರೆಗೆ ಯಾರೂ ಬಳಸದಿರಲಿ.

ನನ್ನ ಆ ವರದಿಯ ಕಾರ್ಬನ್ ಪ್ರತಿ ಮನೆಯಲ್ಲಿದೆ, ಪತ್ರಿಕೆಯ ತುಣುಕು ಅಂಟಿಸಿದ ಆಲ್ಬಮ್ಮಿನ ಅದೇ ಪುಟದಲ್ಲಿ. ಕಾರಣದ ಕಾಲಂನಲ್ಲಿ 'ಆಘಾತ' ಎಂದೇ ಇದೆ. ಅದನ್ನು ಹೊಡೆದು ಹಾಕಿ ಮೇಲೆ 'ಎರಡು ಡಾರ್ಟು, 107 ಡಿಗ್ರಿ, ಮುನ್ನೂರು ಜನ, ನಾನು' ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಕಚೇರಿಯ ಕಡತದಲ್ಲಿರುವ ಮೂಲವನ್ನು ತಿದ್ದುವ ಅಧಿಕಾರ ನನಗೀಗ ಇಲ್ಲ.