ಬಾಸುಂಡೆಯ ವಯಸ್ಸು

ನಮ್ಮವರು ಏಟು ತಿಂದ ದಿನವೇ ಆಸ್ಪತ್ರೆಗೆ ಬರೋದು ಕಡಿಮೆ. ಊರಿನ ಭಯ, ಬಸ್ಸಿನ ಕಾಸು, ಠಾಣೆ ಮುಂದೆ ಕಾದ ಹೊತ್ತು. ಡಾಕ್ಟರು ಬೆನ್ನಿನ ಬಣ್ಣ ನೋಡಿ ಗಾಯದ ಸರ್ಟಿಫಿಕೇಟಿನಲ್ಲಿ ಒಂದು ಸಾಲು ಗೀಚುತ್ತಾರೆ: ಇಷ್ಟು ದಿನದ ಹಿಂದಿನದು. ಅದು ದೂರಿನ ತಾರೀಖಿಗೆ ಹೊಂದದಿದ್ದರೆ ಆರೋಪಿ ಕಡೆಯ ವಕೀಲರಿಗೆ ಅಷ್ಟೇ ಸಾಕು. ಹೊಡೆದವನು ಮನೆಗೆ ಹೋಗ್ತಾನೆ, ಹೊಡೆಸಿಕೊಂಡವನು ಸುಳ್ಳುಗಾರ ಆಗ್ತಾನೆ.

ಎಲ್ಲಿಂದ ಬಂತು ಈ ಲೆಕ್ಕ? ಮೆಡಿಕಲ್ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಪಟ್ಟಿಯಿಂದ. ಮೊದಲು ಕೆಂಪು, 3 ದಿನದವರೆಗೆ ನೀಲಿ, 4ನೇ ದಿನ ಕಂದು, 5-6ಕ್ಕೆ ಹಸಿರು, 7ರಿಂದ 12ಕ್ಕೆ ಹಳದಿ, ಎರಡು ವಾರಕ್ಕೆ ಮಾಯ. ಚರ್ಮದಡಿ ಸೋರಿದ ರಕ್ತ ಒಡೆದು ಬಣ್ಣ ಬದಲಾಗೋದು ನಿಜ. ಆದರೆ ಎಲ್ಲ ಮೈಯಲ್ಲೂ, ಒಂದೇ ಮೈಯ ಎಲ್ಲ ಜಾಗದಲ್ಲೂ ಅದು ಒಂದೇ ವೇಗದಲ್ಲಿ ನಡೆಯೋದಿಲ್ಲ. ಲ್ಯಾಂಗ್ಲಾಯ್ಸ್ ಮತ್ತು ಗ್ರೆಶಾಮ್ ಎಂಬಿಬ್ಬರು 89 ಜನರ 369 ಫೋಟೋಗಳನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು. ಅವರು ಗಟ್ಟಿಯಾಗಿ ಹೇಳಿದ್ದು ಇಷ್ಟೆ: ಹಳದಿ ಕಂಡರೆ ಏಟು ಬಿದ್ದು 18 ಗಂಟೆಯಾದರೂ ಆಗಿದೆ. ಕೆಂಪು, ನೀಲಿ, ಕಪ್ಪು ಗಾಯ ಮಾಯುವವರೆಗೂ ಇರಬಹುದು.

ಇನ್ನು ನಮ್ಮ ಮೈಬಣ್ಣ. ಕಪ್ಪು ಚರ್ಮದಲ್ಲಿ ಹಳದಿ ಹಾಗಿರಲಿ, ಎಷ್ಟೋ ಸಲ ಬಾಸುಂಡೆಯೇ ಕಾಣದು. ಮುಟ್ಟಿದರೆ ಊತ, ನೋವು. ಬಿಸಿಲಲ್ಲಿ ಬೆಂದ ಬೆನ್ನಿನ ಮೇಲೆ ಪುಸ್ತಕದ ಹಸಿರು ಹುಡುಕಿದರೆ ಸಿಗುತ್ತಾ? ಸಿಗದಿದ್ದಾಗ 'ಕಾಣಲಿಲ್ಲ' ಅಂತ ಬರೆಯಬೇಕು. 'ಗಾಯವಿಲ್ಲ' ಅಂತ ಬರೆದುಬಿಡುವವರುಂಟು.

ಕಾನೂನೂ ಇದೇ ಲೆಕ್ಕ ಕೇಳುತ್ತೆ. 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನಂತೆ, ಬಂಧಿತನ ಮೈಮೇಲಿನ ಗಾಯ ಆದ ಅಂದಾಜು ಸಮಯವನ್ನು ಡಾಕ್ಟರು ಬರೆಯಬೇಕು, ನಕಲನ್ನು ಅವನಿಗೆ ಕೊಡಬೇಕು. ನಕಲು ಬಿಡಬೇಡಿ. ಅದಕ್ಕಿಂತ ಡಿ.ಕೆ. ಬಸು ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮಗೆ ಹೆಚ್ಚು ಉಪಯೋಗ: ಬಂಧನದಲ್ಲಿರುವವನನ್ನು 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು. ಮೊನ್ನೆ ಇಲ್ಲದ ಗಾಯ ಇವತ್ತು ಇದ್ದರೆ ಬಣ್ಣದ ಪಟ್ಟಿ ಯಾಕೆ?

ಡಾಕ್ಟರುಗಳಿಗೆ ನಾವು ಹೇಳೋದು: ತಾರೀಖು ಊಹಿಸುವ ಮೊದಲು ಗಾಯದ ಜಾಗ, ಅಳತೆ, ಆಕಾರ, ಊತ ಬರೆಯಿರಿ. ಏಟು ತಿಂದವನು ಹೇಳುವ ಸಮಯಕ್ಕೆ ಅದು ಹೊಂದಬಹುದೋ ಇಲ್ಲವೋ, ಅಷ್ಟು ಹೇಳಿ.

ಹಾಸ್ಟೆಲಿನ ಗೆಳೆಯರೆ, ಊರಿಂದ ಯಾರಾದರೂ ಏಟು ತಿಂದು ಬಂದರೆ ಅವತ್ತೇ ಆಸ್ಪತ್ರೆಗೆ ಕರಕೊಂಡು ಹೋಗಿ. ಹಗಲು ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲಿಟ್ಟು ಫೋಟೋ ತೆಗೀರಿ. ಎರಡು ದಿನ ಬಿಟ್ಟು ಮತ್ತೆ ತೋರಿಸಿ, ಮತ್ತೆ ತೆಗೀರಿ. ಒಳಪೆಟ್ಟು ಮೇಲೆ ಬರೋಕೆ ಒಂದೆರಡು ದಿನ ಹಿಡಿಯೋದುಂಟು.