ಅಕ್ಕನ ಬೆನ್ನುನೋವು ಗ್ಯಾಸ್ ಆಗಿರಲಿಲ್ಲ

ಕಳೆದ ವರ್ಷ ಮಸ್ಕತ್‌ನಲ್ಲಿ ಒಂದು ರಾತ್ರಿ ನನಗೆ ಎದೆಯುರಿ ಬಂತು. ಬೇಡವೆಂದರೂ ಕೇಳದೆ ಹೆಂಡತಿ ಅರ್ಧ ಗಂಟೆಯೊಳಗೆ ಆಸ್ಪತ್ರೆಗೆ ಕರೆದೊಯ್ದಳು. ಇಸಿಜಿ, ರಕ್ತಪರೀಕ್ಷೆ ಎಲ್ಲ ಮುಗಿದ ಮೇಲೆ ತಿಳಿದದ್ದು, ಬರೀ ಆಸಿಡಿಟಿ!

ಅದಾಗಿ ಮೂರು ತಿಂಗಳಿಗೆ ಊರಿನಲ್ಲಿ 48 ವರ್ಷದ ನನ್ನ ಅಕ್ಕನಿಗೆ ಬೆನ್ನುನೋವು, ವಾಕರಿಕೆ, ಮೈಯೆಲ್ಲ ಬೆವರು. ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿದು ಮಲಗಿದಳು. ದುಬೈನಲ್ಲಿರುವ ಭಾವನಿಗೆ ಗಾಬರಿಯಾದೀತೆಂದು ಫೋನಿನಲ್ಲೂ ಹೇಳಲಿಲ್ಲ. ಎರಡನೇ ದಿನ ಇಸಿಜಿ ಮಾಡಿಸಿದಾಗ ಹೃದಯಾಘಾತ ಆಗಿಹೋಗಿತ್ತು. ಜೀವ ಉಳಿಯಿತು. ಆದರೆ ಇಂದಿಗೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಲೆಕ್ಕ ಬರೆಯುವವನಾದ ನಾನು ಅಂಕಿ ಹುಡುಕಿದೆ. ಅಮೆರಿಕದ ಮೂರೂವರೆ ಲಕ್ಷಕ್ಕೂ ಹೆಚ್ಚು ಹೃದಯಾಘಾತ ರೋಗಿಗಳ ದಾಖಲೆ ಆಧರಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. 50 ವರ್ಷದೊಳಗಿನವರಲ್ಲಿ ಆಸ್ಪತ್ರೆಯಲ್ಲೇ ಸತ್ತ ಹೆಂಗಸರ ಪ್ರಮಾಣ ಗಂಡಸರಿಗಿಂತ ಎರಡು ಪಟ್ಟಿಗೂ ಮಿಗಿಲು. ವಯಸ್ಸು ಏರಿದಂತೆ ಅಂತರ ಇಳಿದು, 75 ದಾಟಿದವರಲ್ಲಿ ಇಲ್ಲವಾಗಿತ್ತು. ಹೆಂಗಸರಿಗೆ ಹೃದಯಾಘಾತ ಸಾಮಾನ್ಯವಾಗಿ ಗಂಡಸರಿಗಿಂತ ತಡವಾಗಿ ಬರುತ್ತದೆ, ನಿಜ. ಆ ಧೈರ್ಯವೇ ಚಿಕ್ಕ ವಯಸ್ಸಿನವರಿಗೆ ಮುಳುವಾಗುತ್ತಿದೆ ಎಂಬುದು ನನ್ನ ಅನಿಸಿಕೆ. ಎದೆನೋವು ಅವರಿಗೂ ಬರುತ್ತದೆ. ಆದರೆ ಉಸಿರುಗಟ್ಟುವುದು, ದವಡೆ–ಬೆನ್ನಿನ ನೋವು, ವಾಕರಿಕೆ, ವಿಪರೀತ ಸುಸ್ತು ಅವರಲ್ಲಿ ಹೆಚ್ಚು. ಅದನ್ನು ನಾವು ಮನೆಗೆಲಸದ ದಣಿವೆಂದು ತಳ್ಳಿಹಾಕುತ್ತೇವೆ.

ಪಾರ್ಶ್ವವಾಯುವಿನ ಕಷ್ಟ ಬೇರೆ. ಅದು ಹೆಂಗಸರಿಗೆ ಹೆಚ್ಚಾಗಿ ಇಳಿವಯಸ್ಸಿನಲ್ಲಿ, ಗಂಡ ತೀರಿಕೊಂಡು ಒಂಟಿಯಾಗಿರುವಾಗ ಬರುತ್ತದೆ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಸಮಯ ಎಣಿಸುವುದು ರೋಗಿ ಸರಿಯಾಗಿದ್ದುದನ್ನು ಯಾರಾದರೂ ಕೊನೆಯ ಬಾರಿ ಕಂಡ ಹೊತ್ತಿನಿಂದ. ಒಬ್ಬಳೇ ಇರುವ ಅಮ್ಮನನ್ನು ಕಂಡವರು ಯಾರು?

ಅದಕ್ಕೇ ಈಗ ದಿನಾ ಬೆಳಿಗ್ಗೆ, ರಾತ್ರಿ ಅಮ್ಮನಿಗೆ ವಿಡಿಯೊ ಕರೆ ಮಾಡುತ್ತೇನೆ. ಮಾತು ತೊದಲಿದರೆ, ಮುಖ ಓರೆಯಾದರೆ, ಕೈ ಎತ್ತಲಾಗದಿದ್ದರೆ ಪಕ್ಕದ ಮನೆಯವರು 108ಕ್ಕೆ ಕರೆ ಮಾಡಬೇಕೆಂದು ಮೊದಲೇ ಹೇಳಿಟ್ಟಿದ್ದೇನೆ.

ಗಲ್ಫ್‌ನಲ್ಲಿರುವ ಅಣ್ಣತಮ್ಮಂದಿರೇ, ವೀಸಾಕ್ಕಾಗಿಯಾದರೂ ನಮಗೆ ಮೆಡಿಕಲ್ ಆಗುತ್ತದೆ. ಊರಿನ ಹೆಂಡತಿಯ ಬಿಪಿ, ಶುಗರ್ ನೋಡಿಸಿ ಎಷ್ಟು ವರ್ಷವಾಯಿತು? ಊರಿನ ಅಕ್ಕತಂಗಿಯರೇ, ಗಾಬರಿಯಾದರೆ ನಮಗೇ ಆಗಲಿ. ನೋವನ್ನು ಮುಚ್ಚಿಡಬೇಡಿ. ಕಷಾಯ ಆಮೇಲೆ, ಇಸಿಜಿ ಮೊದಲು.