ಸಾಲು ಕರಗಿತು, ಮಾತೂ ಕರಗಿತು

ನಿವೃತ್ತ ನೌಕರರು ಪಿಂಚಣಿ ಪಡೆಯಬೇಕಾದರೆ ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಸಾಬೀತುಪಡಿಸಬೇಕು. ಹಿಂದೆಲ್ಲ ನವೆಂಬರ್ ಬಂತೆಂದರೆ ಬ್ಯಾಂಕುಗಳ ಮುಂದೆ ಹಿರಿಯರ ಸಾಲು. 2014ರಲ್ಲಿ ‘ಜೀವನ್ ಪ್ರಮಾಣ್’ ಬಂತು. ಈಗ ಮೊಬೈಲ್‌ಗೆ ಮುಖ ತೋರಿಸಿದರೂ ಸಾಕು. ಮಂಡಿನೋವಿನವರಿಗೆ ಇದು ವರವೇ. ಆದರೆ ಆ ಸಾಲಿನಲ್ಲಿ ಹಳೆಯ ಸಹೋದ್ಯೋಗಿಗಳು ಸಿಗುತ್ತಿದ್ದರು. ಸೊಸೆಯ ಸುದ್ದಿ, ಸಕ್ಕರೆ ಕಾಯಿಲೆಯ ಸುದ್ದಿ, ತೀರಿಕೊಂಡವರ ಸುದ್ದಿ ಎಲ್ಲವೂ ಅಲ್ಲೇ ಗೊತ್ತಾಗುತ್ತಿತ್ತು. ಸಾಲು ಕರಗಿದ್ದನ್ನು ನಾವು ಅನುಕೂಲ ಎಂದು ಎಣಿಸಿದೆವು. ಮಾತು ಕರಗಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇದೊಂದೇ ಅಲ್ಲ. ಹಳ್ಳಿಗಳಲ್ಲಿ ವೃದ್ಧಾಪ್ಯ ವೇತನದ ಮನಿಆರ್ಡರ್ ತರುತ್ತಿದ್ದ ಅಂಚೆಯಣ್ಣ ಜಗಲಿಯಲ್ಲಿ ಕೂತು ನಾಲ್ಕು ಮಾತಾಡಿ ಹೋಗುತ್ತಿದ್ದ. ಈಗ ಹಣ ನೇರ ಖಾತೆಗೆ ಬರುತ್ತದೆ. ಕರೆಂಟ್ ಬಿಲ್, ರೈಲು ಟಿಕೆಟ್, ಔಷಧ ಎಲ್ಲವೂ ಮೊಮ್ಮಕ್ಕಳ ಫೋನಿನಲ್ಲೇ ಮುಗಿಯುತ್ತವೆ. ಹೀಗೆ ಮನೆಯಿಂದ ಹೊರಬರಲು ಹಿರಿಯರಿಗಿದ್ದ ನೆಪಗಳು ಒಂದೊಂದಾಗಿ ಇಲ್ಲವಾಗುತ್ತಿವೆ.

ಒಂಟಿತನ ಕೇವಲ ಮನಸ್ಸಿನ ಬೇಸರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವರ್ಷಕ್ಕೆ ಅಂದಾಜು 8.71 ಲಕ್ಷ ಸಾವುಗಳಿಗೆ ಇದರ ನಂಟಿದೆ. ಹೃದ್ರೋಗ, ಪಾರ್ಶ್ವವಾಯು, ಮರೆವಿನ ಸಮಸ್ಯೆಯ ಅಪಾಯವನ್ನೂ ಇದು ಹೆಚ್ಚಿಸುತ್ತದೆ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿ ಮೀರಿತ್ತು.

ಒಬ್ಬರೇ ಇರುವವರು ಮಾತ್ರ ಒಂಟಿಗಳೆಂದು ತಿಳಿಯುವಂತಿಲ್ಲ. ಮಲೆನಾಡಿನ ತೋಟದ ಮನೆಯಲ್ಲಿ ಮಕ್ಕಳನ್ನು ಬೆಂಗಳೂರಿಗೋ ವಿದೇಶಕ್ಕೋ ಕಳಿಸಿ ಉಳಿದ ದಂಪತಿಯದು ಒಂದು ಬಗೆ. ಊರು ಬಿಟ್ಟು ಮಗನ ಅಪಾರ್ಟ್‌ಮೆಂಟ್ ಸೇರಿ, ಎದುರು ಮನೆಯವರ ಭಾಷೆ ತಿಳಿಯದೆ ಬಾಲ್ಕನಿಯಲ್ಲಿ ಕೂರುವ ಅಜ್ಜಿಯದು ಇನ್ನೊಂದು. ಕಿವಿ ಮಂದವಾದವರು ಪ್ರತಿ ಮಾತನ್ನೂ ಎರಡೆರಡು ಸಲ ಕೇಳಲು ಸಂಕೋಚಪಟ್ಟು ಕೊನೆಗೆ ಮಾತನ್ನೇ ಬಿಡುತ್ತಾರೆ. ನಾವು ಅದಕ್ಕೆ ‘ವಯಸ್ಸಾಯಿತು, ಮೌನವಾಗಿದ್ದಾರೆ’ ಎಂದುಬಿಡುತ್ತೇವೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಕಾಯ್ದೆ 2007ರಲ್ಲೇ ಬಂದಿದೆ. ನಿರ್ಲಕ್ಷಿಸುವ ಮಕ್ಕಳಿಂದ ತಿಂಗಳಿಗೆ ₹10,000ದವರೆಗೆ ಜೀವನಾಂಶ ಕೊಡಿಸಲು ಅದರಲ್ಲಿ ಅವಕಾಶವಿದೆ. ರಾಜ್ಯದಲ್ಲಿ 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. 14567 ಸಹಾಯವಾಣಿಗೆ ಕರೆ ಮಾಡಿದರೆ ಕಾನೂನು ಮಾಹಿತಿಯ ಜೊತೆಗೆ ಸಾಂತ್ವನದ ಮಾತೂ ಸಿಗುತ್ತದೆ. ಆದರೆ ಉಪವಿಭಾಗಾಧಿಕಾರಿಯ ಆದೇಶದಿಂದ ಹಣ ಬಂದೀತು, ಮಗನ ಮಾತು ಬರುವುದಿಲ್ಲ.

ಇನ್ನು ಓಡಾಟದ ಪ್ರಶ್ನೆ. ಹಿರಿಯರಿಗಿದ್ದ ರೈಲ್ವೆ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ, ಕೋವಿಡ್ ಹೊತ್ತಿನಲ್ಲಿ ನಿಲ್ಲಿಸಲಾಯಿತು. ಇತ್ತ 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದಾಗಿ ಅಜ್ಜಿಯಂದಿರು ಮಗಳ ಮನೆಗೋ ಧರ್ಮಸ್ಥಳಕ್ಕೋ ಹೋಗಲು ಬಸ್ ಚಾರ್ಜಿಗಾಗಿ ಯಾರ ಮುಂದೂ ಕೈಚಾಚಬೇಕಿಲ್ಲ. ಆ ಯೋಜನೆಯ ಖರ್ಚಿನ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ನೆಂಟರ ಮನೆಯ ಒಂದು ಭೇಟಿ ಎಷ್ಟು ಮಾತ್ರೆಗಳಿಗೆ ಸಮ ಎಂಬುದು ಆ ಚರ್ಚೆಯಲ್ಲಿ ಬರುವುದೇ ಇಲ್ಲ.

ಹಾಗಾದರೆ ಓದುತ್ತಿರುವ, ಕೆಲಸ ಹುಡುಕುತ್ತಿರುವ ನಮ್ಮ ಪಾಲೇನು? ಎನ್ಎಸ್ಎಸ್ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಗಿಡ ನೆಡುವುದು, ಜಾಥಾ ನಡೆಸುವುದರ ಜೊತೆಗೆ ವಾರಕ್ಕೊಂದು ಗಂಟೆ ಒಬ್ಬರೇ ಹಿರಿಯರ ಮನೆಗೆ ತಪ್ಪದೆ ಹೋಗುವುದನ್ನೂ ಕಾಲೇಜುಗಳು ಇದಕ್ಕೆ ಸೇರಿಸಬಹುದು. ವರ್ಷಕ್ಕೊಮ್ಮೆ ವೃದ್ಧಾಶ್ರಮದಲ್ಲಿ ಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದರ ಫಲ ಹೆಚ್ಚು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾವು, ಪತ್ರಿಕೆ ಓದಲು ಬರುವ ನಿವೃತ್ತ ಮೇಷ್ಟ್ರು ಒಂದೇ ಸೂರಿನಡಿ ಕೂರುತ್ತೇವೆ. ‘ಸರ್, ಈ ಲೆಕ್ಕ ಸ್ವಲ್ಪ ಹೇಳಿಕೊಡಿ’ ಎಂದು ಕೇಳಲು ಯಾವ ಯೋಜನೆಯೂ ಬೇಡ. ಕನಿಕರಕ್ಕಿಂತ, ತಮ್ಮಿಂದ ಇನ್ನೂ ಉಪಯೋಗವಿದೆ ಎಂಬ ಭಾವವೇ ಹಿರಿಯರಿಗೆ ದೊಡ್ಡದು.

ಇದು ಏಕಮುಖ ಉಪಕಾರವೂ ಅಲ್ಲ. ಅದೇ ವರದಿಯ ಪ್ರಕಾರ 13ರಿಂದ 29 ವಯಸ್ಸಿನವರಲ್ಲಿ ಶೇ 17ರಿಂದ 21ರಷ್ಟು ಮಂದಿ ತಾವು ಒಂಟಿ ಎಂದಿದ್ದಾರೆ. ಫಲಿತಾಂಶಕ್ಕೆ ಕಾಯುತ್ತಾ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತ ಮೊಮ್ಮಗ, ಹಜಾರದಲ್ಲಿ ಟಿ.ವಿ. ಮುಂದೆ ಕೂತ ಅಜ್ಜ. ಇಬ್ಬರ ಕಾಯಿಲೆಯೂ ಒಂದೇ, ನಡುವೆ ಇರುವುದು ಒಂದು ಬಾಗಿಲು.

ಅಜ್ಜಿಯ ಬ್ಯಾಂಕ್ ಕೆಲಸವನ್ನು ಫೋನಿನಲ್ಲಿ ಮುಗಿಸಿಕೊಟ್ಟರೆ ಎರಡು ನಿಮಿಷ. ಅವರನ್ನೇ ಕರೆದುಕೊಂಡು ಹೋಗಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ, ದಾರಿಯಲ್ಲಿ ಸಿಕ್ಕವರೊಂದಿಗೆ ಮಾತಾಡಲು ಬಿಟ್ಟು ಕರೆತಂದರೆ ಒಂದು ಗಂಟೆ. ನಡೆಯಲು ಆಗುವಷ್ಟು ದಿನವಾದರೂ ಆ ಒಂದು ಗಂಟೆಯನ್ನು ನಾವು ಉಳಿಸದಿರೋಣ.